ವೇಲಚೇರಿಯಲ್ಲಿ ಇಬ್ಬರಿಗೊಂದು ಮನೆ

ಚೆನ್ನೈನಲ್ಲಿ ಬಾಡಿಗೆ ಮನೆ ಕೇಳುವವರಲ್ಲಿ ಎರಡೇ ಗುಂಪು: ಒಂದು ಫ್ಯಾಮಿಲಿ, ಇನ್ನೊಂದು ಬ್ಯಾಚುಲರ್. ನಾನು, ನನ್ನ ಆರು ವರ್ಷದ ಮಗಳು ಎರಡಕ್ಕೂ ಸೇರಲಿಲ್ಲ. 2022ರ ಬೇಸಿಗೆಯಲ್ಲಿ ಕೆಲಸ ಬೆಂಗಳೂರಿನಿಂದ ತರಮಣಿಗೆ ವರ್ಗವಾದಾಗ ನನ್ನ ವಿಚ್ಛೇದನವಾಗಿ ಎರಡು ವರ್ಷವಾಗಿತ್ತು. ಮನೆ ತೋರಿಸುವವರು ಅಡುಗೆಮನೆ, ಬಾಲ್ಕನಿ, ಬೋರ್‌ವೆಲ್ ಎಲ್ಲ ತೋರಿಸಿ ಕೊನೆಗೆ ಕೇಳುತ್ತಿದ್ದರು, "ಸಾರ್ ಎಪ್ಪೊ ವರುವಾರು?" ಸಾರ್ ಬರುವುದಿಲ್ಲ ಎಂದರೆ, "ಓನರ್ ಹತ್ತಿರ ಕೇಳಿ ಹೇಳುತ್ತೇನೆ" ಎಂಬ ಉತ್ತರ. ಆಮೇಲೆ ಫೋನು ಬರುತ್ತಿರಲಿಲ್ಲ.

ತರಮಣಿ, ತಿರುವಾನ್ಮಿಯೂರು, ಓಎಂಆರ್ ಕಡೆ ಕೆಲಸಕ್ಕೆ ಬರುವ ಕನ್ನಡಿಗರಲ್ಲಿ ಬಹಳ ಮಂದಿ ಮೊದಲು ಕೇಳುವ ಹೆಸರು ವೇಲಚೇರಿ. ಕಾರಣ ನಕ್ಷೆಯಲ್ಲೇ ಇದೆ. ಕಡಲತೀರದ ಬೀಚ್ ನಿಲ್ದಾಣದಿಂದ ಬರುವ ಎಂಆರ್‌ಟಿಎಸ್ ರೈಲು 2007ರಲ್ಲಿ ಇಲ್ಲಿಯವರೆಗೆ ಬಂತು. ವೇಲಚೇರಿಯಲ್ಲಿ ಹತ್ತಿದರೆ ಪೆರುಂಗುಡಿ ದಾಟಿ ಎರಡನೆಯ ನಿಲ್ದಾಣವೇ ತರಮಣಿ. ಒಂದು ಕಡೆ ಗಿಂಡಿ ಮತ್ತು ಐಐಟಿಯ ಕಾಡು, ಇನ್ನೊಂದು ಕಡೆ ಪಳ್ಳಿಕ್ಕರಣೈ ಜೌಗು. 2013ರಲ್ಲಿ ಫೀನಿಕ್ಸ್ ಮಾಲ್ ಬಂದ ಮೇಲೆ ಊರಿನ ಹೆಸರು ಇನ್ನೂ ದೂರ ಹೋಯಿತು.

ಹೆಸರಿನ ಬಗ್ಗೆ ಸ್ಥಳೀಯರು ವೇದಶ್ರೇಣಿಯ ಪುರಾಣ ಹೇಳುತ್ತಾರೆ. ನನ್ನ ಕಿವಿಗೆ ಬಿದ್ದದ್ದು ಬೇರೆ. ನಮ್ಮ 'ಕಿವಿ' ತಮಿಳಿನಲ್ಲಿ 'ಚೆವಿ', ನಮ್ಮ 'ಕೇರಿ' ತಮಿಳಿನಲ್ಲಿ 'ಚೇರಿ'. ಅಲ್ಲಿಗೆ ಇದೂ ಒಂದು ಕೇರಿಯೇ. ಇನ್ನೊಂದು ಮಾತು 'ಏರಿ'. ನಮಗೆ ಏರಿ ಎಂದರೆ ಕೆರೆಯ ದಡದ ಒಡ್ಡು, ಅವರಿಗೆ ಏರಿ ಎಂದರೆ ಕೆರೆಯೇ. ಮನೆ ಹುಡುಕುವಾಗ ಈ ವ್ಯತ್ಯಾಸ ಗೊತ್ತಿರಬೇಕು. "ಏರಿ ಪಕ್ಕದಲ್ಲೇ ಮನೆ" ಎಂದು ಬ್ರೋಕರ್ ಹೇಳಿದರೆ ಎತ್ತರದ ಜಾಗ ಎಂದು ಖುಷಿಪಡುವ ಹಾಗಿಲ್ಲ.

ನನ್ನ ಬಾಡಿಗೆಯ ಮಿತಿ ತಿಂಗಳಿಗೆ 18 ಸಾವಿರ. ಆ ಹಣಕ್ಕೆ ವೇಲಚೇರಿಯಲ್ಲಿ ಚೆಂದದ ಎರಡು ಕೋಣೆಯ ಮನೆಗಳು ಸಿಕ್ಕವು, ಎಲ್ಲವೂ ನೆಲಮಹಡಿ. ಒಂದು ಮನೆಯ ಗೋಡೆಗೆ ಹೊಸ ಬಣ್ಣ, ಆದರೆ ಕಾಂಪೌಂಡಿನ ಒಳಮೈಯಲ್ಲಿ ನನ್ನ ಎದೆಮಟ್ಟಕ್ಕೆ ಒಂದು ಕಂದು ಗೆರೆ. ಅದು 2015ರ ಡಿಸೆಂಬರಿನ ನೀರು. ಆಗ ವೇಲಚೇರಿಯ ರಸ್ತೆಗಳಲ್ಲಿ ದೋಣಿ ಓಡಾಡಿದ್ದನ್ನು ನೀವೂ ಟೀವಿಯಲ್ಲಿ ನೋಡಿರುತ್ತೀರಿ.

ದಕ್ಷಿಣ ಚೆನ್ನೈನ ಕೆರೆಗಳು ಒಂದಕ್ಕೊಂದು ತುಂಬಿ ಹರಿದು ಪಳ್ಳಿಕ್ಕರಣೈಗೆ ಸೇರುತ್ತವೆ. ಅಲ್ಲಿಂದ ಒಕ್ಕಿಯಂ ಮಡುವು ಎಂಬ ಕಾಲುವೆಯಲ್ಲಿ ಬಕಿಂಗ್‌ಹ್ಯಾಮ್ ಕಾಲುವೆಗೆ, ಕೊನೆಗೆ ಕಡಲಿಗೆ. ಜೌಗು 2022ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದೆ, ಆದರೆ ಅಷ್ಟರೊಳಗೆ ಅದರ ಬಹುಭಾಗದ ಮೇಲೆ ಕಟ್ಟಡ, ರಸ್ತೆ, ಕಸದ ಗುಡ್ಡ ಎದ್ದಾಗಿತ್ತು. ವೇಲಚೇರಿ ಕೆರೆಯೂ ಸವೆದಿದೆ. ಹೋಗಲು ಜಾಗವಿಲ್ಲದ ನೀರು ತಗ್ಗಿನ ಬೀದಿಗಳಿಗೆ ಬರುತ್ತದೆ. ನಾನು ನೋಡಿದ ಅಗ್ಗದ ಮನೆಗಳು ಅಗ್ಗವಾಗಿದ್ದದ್ದು ಅದಕ್ಕೇ. ಒಬ್ಬಳೇ ಇರುವವಳಿಗೆ ಇದು ಸಣ್ಣ ಲೆಕ್ಕವಲ್ಲ. ಮಧ್ಯರಾತ್ರಿ ನೀರು ನುಗ್ಗಿದರೆ ಒಬ್ಬರು ಮಗುವನ್ನು ಎತ್ತಿಕೊಂಡು ಇನ್ನೊಬ್ಬರು ಸಾಮಾನು ಎತ್ತಲು ನಮ್ಮಲ್ಲಿ ಇನ್ನೊಬ್ಬರಿಲ್ಲ.

ಹಾಗಾಗಿ ಆ್ಯಪ್ ಮುಚ್ಚಿ ಬೀದಿಗಿಳಿದೆ. ಸಂಜೆ ನಾಲ್ಕಕ್ಕೆ ಹೋಗುತ್ತಿದ್ದೆ. ಆ ಹೊತ್ತಿಗೆ ಮಕ್ಕಳು ಹೊರಗೆ ಆಡುತ್ತಾರೆಯೇ, ಅಜ್ಜಿಯರು ಬಾಗಿಲಲ್ಲಿ ಕೂರುತ್ತಾರೆಯೇ, ಅಷ್ಟು ನೋಡಿದರೆ ಸಾಕು. ಇಸ್ತ್ರಿ ಗಾಡಿಯವರನ್ನು, ಹಾಲಿನ ಬೂತಿನವರನ್ನು "2015ರಲ್ಲಿ ಇಲ್ಲಿ ಎಷ್ಟು ನೀರು?" ಎಂದು ಕೇಳುತ್ತಿದ್ದೆ. ಬ್ರೋಕರ್ ಹೇಳದ್ದನ್ನು ಅವರು ಅಂಗೈ ತೋರಿಸಿ ಹೇಳುತ್ತಾರೆ: ಮೊಣಕಾಲು, ಸೊಂಟ, ಎದೆ. ಚೋಳರ ಕಾಲದ ಶಾಸನಗಳಿರುವ ದಂಡೀಶ್ವರ ದೇವಸ್ಥಾನದ ಹತ್ತಿರ ಒಬ್ಬ ಇಸ್ತ್ರಿ ಅಣ್ಣ, "ಹಳಬರು ನೀರು ನೋಡಿ ಮನೆ ಕಟ್ಟಿದವರಮ್ಮಾ, ಈ ಕಡೆ ಹುಡುಕಿ" ಎಂದರು. ಅವರೇ ಒಂದು ಮನೆಯ ಗೇಟು ತೋರಿಸಿದರು.

ಎರಡನೇ ಮಹಡಿ, ಲಿಫ್ಟ್ ಇಲ್ಲ, ಕೋಣೆಗಳು ಚಿಕ್ಕವು, ಬಾಡಿಗೆ 19 ಸಾವಿರ. ಕೆಳಗೆ ಒಬ್ಬರೇ ಇದ್ದ ಪಾಟಿ, ಸಾರ್ ಬಗ್ಗೆ ಅವರೂ ಕೇಳಿದರು. ನಾವಿಬ್ಬರೇ ಎಂದೆ. ಸ್ವಲ್ಪ ಹೊತ್ತು ನನ್ನ ಮಗಳನ್ನು ನೋಡಿ, "ಮೇಲೆ ಓಡಾಡಿದರೆ ನನಗೆ ಸದ್ದು ಕೇಳಿಸುತ್ತೆ. ಕೇಳಿಸಲಿ" ಎಂದರು.

ಮುಂಗಡದ ವಿಷಯ ಹೇಳಬೇಕು. ಬೆಂಗಳೂರಿನ ಹಾಗೆಯೇ ಇಲ್ಲೂ ಹತ್ತು ತಿಂಗಳ ಮುಂಗಡ ಕೇಳುವ ರೂಢಿ ಇತ್ತು. ತಮಿಳುನಾಡಿನ 2017ರ ಬಾಡಿಗೆ ಕಾಯ್ದೆ 2019ರಲ್ಲಿ ಜಾರಿಗೆ ಬಂದಿದೆ. ಬೇರೆ ಒಪ್ಪಂದವಿಲ್ಲದಿದ್ದರೆ ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ, ಕರಾರನ್ನು ಬರೆದು ನೋಂದಾಯಿಸಬೇಕು. ಒಂದೇ ಸಂಬಳದ ಮನೆಗೆ ಏಳು ತಿಂಗಳ ಬಾಡಿಗೆ ಕೈಯಲ್ಲಿ ಉಳಿಯುವುದು ದೊಡ್ಡದು. ಪಾಟಿ ಮೂರಕ್ಕೇ ಒಪ್ಪಿದರು.

ಶಾಲೆಯ ಅರ್ಜಿಯಲ್ಲಿ ತಂದೆಯ ಸಹಿಗೆ ಖಾಲಿ ಜಾಗವಿತ್ತು. ಒಂದು ಶಾಲೆ ಅದಿಲ್ಲದೆ ಅರ್ಜಿ ತೆಗೆದುಕೊಳ್ಳಲಿಲ್ಲ, ಇನ್ನೊಂದು ತೆಗೆದುಕೊಂಡಿತು. ಇಂಥ ಕಡೆ ನೆನಪಿರಲಿ: ಲೇಖಕಿ ಗೀತಾ ಹರಿಹರನ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1999ರಲ್ಲೇ ತಾಯಿಯೂ ಸಹಜ ಪೋಷಕಿ ಆಗಬಹುದು ಎಂದಿದೆ. ಪಾಸ್‌ಪೋರ್ಟಿಗೂ 2016ರ ಡಿಸೆಂಬರಿನಿಂದ ತಂದೆ ತಾಯಿಯರಲ್ಲಿ ಒಬ್ಬರ ಹೆಸರು ಸಾಕು. ಇನ್ನೂ ಚಿಕ್ಕ ಮಕ್ಕಳಿದ್ದವರು ಕೆಲಸದ ಕಡೆ ಕೇಳಿ: 2017ರ ತಿದ್ದುಪಡಿಯ ಪ್ರಕಾರ 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರದ ಸೌಲಭ್ಯ ಇರಲೇಬೇಕು.

ಶಾಲೆ ಬಿಟ್ಟ ಮೇಲೆ ನಾನು ಬರುವವರೆಗಿನ ಮೂರು ಗಂಟೆ ಎಲ್ಲಕ್ಕಿಂತ ಕಷ್ಟದ್ದು. ಅದಕ್ಕೆ ನಮ್ಮ ಬೀದಿಯ ಟ್ಯೂಷನ್ ಅಕ್ಕ ಇದ್ದಾರೆ, ತಡವಾದರೆ ಪಾಟಿ. ಮಗಳು ಈಗ ಅವರೊಡನೆ ತಮಿಳಿನಲ್ಲೇ ಜಗಳವಾಡುತ್ತಾಳೆ, ನನ್ನೊಡನೆ ಕನ್ನಡದಲ್ಲಿ. ಸಾಮಾನ್ಯ ದರದ ಸಿಟಿ ಬಸ್ಸಿನಲ್ಲಿ 2021ರಿಂದ ಹೆಂಗಸರಿಗೆ ಟಿಕೆಟ್ ಹಣವಿಲ್ಲ. ಉಳಿದ ದುಡ್ಡು ಟ್ಯೂಷನ್‌ಗೆ ಹೋಗುತ್ತದೆ.

2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂತು. ವೇಲಚೇರಿ ಮತ್ತೆ ಮುಳುಗಿತು. ನಮ್ಮ ಬೀದಿಯಲ್ಲಿ ಮೊಣಕಾಲು ಮುಟ್ಟುವ ನೀರು, ಮೂರು ದಿನ ಕರೆಂಟಿಲ್ಲ, ಫೋನಿಲ್ಲ. ನಾನು ಮೊದಲು ನೋಡಿದ್ದ ಆ ಗೆರೆಯ ಮನೆಯ ಕಡೆ ನೀರು ಕಿಟಕಿಯವರೆಗೆ ಬಂದಿತ್ತಂತೆ. ಪಾಟಿಯನ್ನು ಮೇಲಕ್ಕೆ ಕರೆತಂದೆವು. ಎದುರು ಮನೆಯವರ ಸಿಲಿಂಡರು, ನಮ್ಮ ಅಕ್ಕಿ, ಒಂದೇ ಒಲೆಯಲ್ಲಿ ಮೂರು ಮನೆಯ ಅನ್ನ. ಶಿವಮೊಗ್ಗದಿಂದ ಅಮ್ಮ ನಾಲ್ಕನೇ ದಿನ ಫೋನಿನಲ್ಲಿ ಸಿಕ್ಕಿ, "ಸಾಕು, ವಾಪಸ್ ಬಾ ಮಗಾ" ಎಂದಳು. ಅವಳ ಭಯ ಸುಳ್ಳಲ್ಲ. ಪ್ರತಿ ಅಕ್ಟೋಬರಿನಲ್ಲಿ ನಾನು ಕಾಗದಪತ್ರ, ಔಷಧಿ, ಟಾರ್ಚು ಒಂದು ಚೀಲಕ್ಕೆ ತುಂಬಿಡುತ್ತೇನೆ. ಮಳೆ ಜೋರಾದರೆ ನಿದ್ದೆ ಬರುವುದಿಲ್ಲ.

ಆದರೂ ಕರಾರು ಮತ್ತೆ ಮುಂದುವರಿಸಿದ್ದೇನೆ. ಬೆಂಗಳೂರಿನಲ್ಲಿ ನಾನಿದ್ದ ಅಪಾರ್ಟ್‌ಮೆಂಟಿಗೆ ಗೇಟು, ಕ್ಯಾಮೆರಾ, ಈಜುಕೊಳ ಎಲ್ಲ ಇತ್ತು. ಜ್ವರ ಬಂದ ರಾತ್ರಿ ಮಗುವನ್ನು ಅರ್ಧ ಗಂಟೆ ನೋಡಿಕೊಳ್ಳಿ ಎಂದು ತಟ್ಟಲು ಒಂದು ಬಾಗಿಲಿರಲಿಲ್ಲ. ಇಲ್ಲಿ ಮೂರಿವೆ. ನೀವೂ ಇಲ್ಲಿಗೆ ಬರುವವರಾದರೆ ಬಾಡಿಗೆ ಕೇಳುವ ಮೊದಲು ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಕೇಳಿ. ಆಮೇಲೆ ತಟ್ಟಬಹುದಾದ ಬಾಗಿಲು ಎಷ್ಟಿವೆ ಎಂದು ಎಣಿಸಿ. ಈಜುಕೊಳ ಕೊನೆಗೆ ನೋಡಿದರಾಯಿತು.