ಮಿತಿಯ ಗೆರೆ ಮತ್ತು ಅಳತೆಯ ಅನುಮಾನ

ಬೆಂಗಳೂರಿನ ವಿದ್ಯುತ್ ಸಾಮಗ್ರಿ ಪರೀಕ್ಷಾಲಯಗಳಲ್ಲಿ 1990ರ ದಶಕದ ಆರಂಭದವರೆಗೂ ಪರೀಕ್ಷಾ ವರದಿಯೆಂದರೆ ಸಾಮಾನ್ಯವಾಗಿ ಮಾನಕ ವಿಧಿಸಿದ ಮಿತಿ, ಅಳೆದು ಬಂದ ಅಂಕಿ, ಪಕ್ಕದಲ್ಲಿ ‘ಪಾಸ್’ ಅಥವಾ ‘ಫೇಲ್’ ಎಂಬ ಪದ ಇಷ್ಟೇ ಆಗಿತ್ತು. ಆ ಅಂಕಿ ನಿಜ ಮೌಲ್ಯದಿಂದ ಎಷ್ಟರಮಟ್ಟಿಗೆ ಆಚೀಚೆ ಇರಬಹುದೆಂಬುದನ್ನು ಸಂಖ್ಯೆಯಲ್ಲಿ ಹೇಳುವ ‘ಮಾಪನ ಅನಿಶ್ಚಿತತೆ’ಗೆ ವರದಿಯಲ್ಲಿ ಜಾಗವಿರಲಿಲ್ಲ. ಹಾಗೆಂದು ಅಂದಿನವರು ಅಜಾಗರೂಕರಾಗಿದ್ದರೆನ್ನುವುದು ಅನ್ಯಾಯ.

ಮನೆಯ ವೈರಿಂಗಿಗೆ ಬಳಸುವ 2.5 ಚದರ ಮಿಲಿಮೀಟರ್ ತಾಮ್ರದ ತಂತಿಯ ಪರೀಕ್ಷೆಯನ್ನೇ ನೋಡಬಹುದು. ಅದರ ರೋಧ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಿಲೋಮೀಟರಿಗೆ 7.41 ಓಮ್ ಮೀರುವಂತಿಲ್ಲ. ಒಂದು ಮೀಟರ್ ತುಂಡನ್ನು ನೇರಗೊಳಿಸಿ, ಕೆಲ್ವಿನ್ ಬ್ರಿಜ್‌ನ ಹಿಡಿಕೆಗಳಿಗೆ ಸಿಕ್ಕಿಸಿ, ಗ್ಯಾಲ್ವನೋಮೀಟರಿನ ಮುಳ್ಳು ಸೊನ್ನೆಗೆ ಬಂದು ನಿಲ್ಲುವವರೆಗೆ ತಾಳ್ಮೆಯಿಂದ ಬ್ರಿಜ್‌ನ ಗುಂಡಿ ತಿರುಗಿಸುತ್ತಿದ್ದ ಹಿರಿಯ ತಂತ್ರಜ್ಞರಿಗೆ, ತಾಮ್ರದ ರೋಧ ಒಂದು ಡಿಗ್ರಿಗೆ ನೂರಕ್ಕೆ 0.39ರಷ್ಟು ಏರುತ್ತದೆಂಬುದು ಚೆನ್ನಾಗಿ ತಿಳಿದಿತ್ತು. ಕೋಣೆಯ ಉಷ್ಣಾಂಶಕ್ಕೆ ತಂತಿ ಹೊಂದಿಕೊಳ್ಳುವ ಮೊದಲು ಅವರು ಅಂಕಿ ಬರೆದುಕೊಳ್ಳುತ್ತಿರಲಿಲ್ಲ. ಅವರ ಅರಿವಿನಲ್ಲಿದ್ದ ಈ ಅನುಮಾನ ವರದಿಗೆ ಮಾತ್ರ ಇಳಿಯುತ್ತಿರಲಿಲ್ಲ. ಗಡಿಯಂಚಿನ ತೀರ್ಪನ್ನು ಕೊಡುತ್ತಿದ್ದುದು ಐಎಸ್ 2:1960 ಎಂಬ ಭಾರತೀಯ ಮಾನಕ: ಬಂದ ಅಂಕಿಯನ್ನು ಮಿತಿಯಲ್ಲಿರುವಷ್ಟೇ ಸ್ಥಾನಗಳಿಗೆ ರೌಂಡ್ ಆಫ್ ಮಾಡಿ ಹೋಲಿಸಬೇಕೆಂಬ ಅದರ ನಿಯಮದಂತೆ 7.414 ಬಂದರೆ 7.41 ಆಗಿ ಪಾಸ್, 7.416 ಬಂದರೆ 7.42 ಆಗಿ ಫೇಲ್.

ಬದಲಾವಣೆ ಬಂದದ್ದು ಹೊರಗಿನಿಂದ. ಅನಿಶ್ಚಿತತೆಯನ್ನು ಲೆಕ್ಕ ಹಾಕುವ ಏಕರೂಪದ ವಿಧಾನವನ್ನು ಕೊಟ್ಟ, ‘ಗಮ್’ ಎಂದೇ ಹೆಸರಾದ ಅಂತರರಾಷ್ಟ್ರೀಯ ಮಾರ್ಗದರ್ಶಿ 1993ರಲ್ಲಿ ಪ್ರಕಟವಾಯಿತು; 1999ರಲ್ಲಿ ಬಂದ ಐಎಸ್‌ಒ/ಐಇಸಿ 17025 ಮಾನಕವು ಪರೀಕ್ಷಾಲಯಗಳಿಗೂ ಈ ಲೆಕ್ಕವನ್ನು ಕಡ್ಡಾಯಗೊಳಿಸಿತು. ರಾಷ್ಟ್ರೀಯ ಮಾನ್ಯತಾ ಮಂಡಳಿಯಾದ ಎನ್‌ಎಬಿಎಲ್‌ನ ಮಾನ್ಯತೆ ಬಯಸಿದ ಪರೀಕ್ಷಾಲಯಗಳಲ್ಲಿ ‘ಬಜೆಟ್’ ಎಂಬ ಪದಕ್ಕೆ ಅನಿಶ್ಚಿತತೆಯ ಮೂಲಗಳ ಲೆಕ್ಕಪಟ್ಟಿ ಎಂಬ ಹೊಸ ಅರ್ಥ ಬಂದದ್ದು ಆಗಲೇ. ತಂತಿಯ ಬಜೆಟ್ಟಿನಲ್ಲಿ ಉಷ್ಣಾಂಶದ ಅರ್ಧ ಡಿಗ್ರಿ, ಉದ್ದದ ಒಂದು ಮಿಲಿಮೀಟರ್, ಉಪಕರಣದ ಕ್ಯಾಲಿಬ್ರೇಷನ್ ಪತ್ರ ಹೇಳುವ ಅಲ್ಪ ಸಂದೇಹ ಇವು ಒಂದೊಂದು ಸಾಲಾಗಿ ಕೂಡುತ್ತವೆ. ಅವುಗಳ ವರ್ಗಗಳನ್ನು ಸೇರಿಸಿ ವರ್ಗಮೂಲ ತೆಗೆದು, ನೂರಕ್ಕೆ ಸುಮಾರು 95ರಷ್ಟು ಭರವಸೆಗಾಗಿ ಎರಡರಿಂದ ಗುಣಿಸಿದರೆ, 7.40 ಎಂಬ ಫಲಿತಾಂಶದ ಸುತ್ತ ಹತ್ತಿರಹತ್ತಿರ 0.02 ಓಮ್‌ನ ಪಟ್ಟಿ ಸಿಗುತ್ತದೆ. ನಿಜವಾದ ರೋಧ 7.38 ಇರಬಹುದು, 7.42 ಕೂಡ ಇರಬಹುದು. ಮಿತಿ ಮೀರಿರುವ ಸಾಧ್ಯತೆ ನೂರಕ್ಕೆ 16ರ ಆಸುಪಾಸಿನಲ್ಲಿದೆ. ಹಳೆಯ ವರದಿ ಇದೇ ತಂತಿಗೆ ನಿಸ್ಸಂಕೋಚವಾಗಿ ಪಾಸ್ ಎಂದು ಬರೆಯುತ್ತಿತ್ತು.

ಈ ಲೆಕ್ಕದ ನಿಜವಾದ ಲಾಭ ಕಂಡದ್ದು ಪರೀಕ್ಷಾಲಯದ ಒಳಗೆ. ದೋಷದ ದೊಡ್ಡ ಪಾಲು ದುಬಾರಿ ಬ್ರಿಜ್‌ನದಲ್ಲ, ತಂತಿಯ ಪಕ್ಕದಲ್ಲಿ ತೂಗಿದ ಸಾಧಾರಣ ಥರ್ಮಾಮೀಟರಿನದು ಎಂಬುದನ್ನು ಬಜೆಟ್ ತೋರಿಸಿಕೊಟ್ಟಾಗ, ಹಣವನ್ನು ಹೊಸ ಮೀಟರಿಗಿಂತ ಮೊದಲು ಉಷ್ಣಾಂಶದ ನಿಯಂತ್ರಣಕ್ಕೆ ಖರ್ಚು ಮಾಡುವುದು ವಿವೇಕವೆಂದು ಸ್ಪಷ್ಟವಾಯಿತು. ಆದರೆ ಬೇರೆ ಕಡೆಯ ಬಜೆಟ್ಟನ್ನು ಎಕ್ಸೆಲ್ ಹಾಳೆಯಲ್ಲಿ ನಕಲು ಮಾಡಿ, ತಪಾಸಕರು ಬರುವ ಮುನ್ನ ಕಡತಕ್ಕೆ ಸೇರಿಸುವ ಅಭ್ಯಾಸವೂ ಇದರ ಬೆನ್ನಿಗೇ ಬೆಳೆಯಿತು, ಮತ್ತು ಅದು ಈ ವೃತ್ತಿಗೆ ಆದ ದೊಡ್ಡ ನಷ್ಟ. ತನ್ನ ಕೋಣೆಯನ್ನೂ ತನ್ನ ಉಪಕರಣವನ್ನೂ ನೋಡದೆ ಬರೆದ ಅನಿಶ್ಚಿತತೆಗೆ ಯಾವ ಬೆಲೆಯೂ ಇಲ್ಲ.

2017ರ ಪರಿಷ್ಕೃತ 17025 ಇನ್ನೊಂದು ಹೆಜ್ಜೆ ಇಟ್ಟು, ಪಾಸ್ ಎನ್ನುವಾಗ ಅನಿಶ್ಚಿತತೆಯನ್ನು ಹೇಗೆ ಲೆಕ್ಕಕ್ಕೆ ತೆಗೆದುಕೊಳ್ಳಲಾಯಿತು ಎಂಬ ‘ನಿರ್ಧಾರದ ನಿಯಮ’ವನ್ನು, ಅದು ಮಾನಕದಲ್ಲೇ ಅಡಕವಾಗಿರದಿದ್ದರೆ, ಗ್ರಾಹಕರೊಂದಿಗೆ ಮೊದಲೇ ಒಪ್ಪಿಕೊಂಡಿರಬೇಕೆಂದು ವಿಧಿಸಿತು. ಬಂದ ಅಂಕಿಯನ್ನು ನೇರವಾಗಿ ಮಿತಿಗೆ ಹೋಲಿಸುವ ನಿಯಮದಲ್ಲಿ 7.40 ಪಾಸ್ ಆಗುತ್ತದೆ. ಮಿತಿಯಿಂದ ಅನಿಶ್ಚಿತತೆಯಷ್ಟು ಹಿಂದೆ ಸರಿದು 7.39ರಲ್ಲಿ ಕಾವಲು ಗೆರೆ ಎಳೆಯುವ ನಿಯಮದಲ್ಲಿ ಅದೇ ತಂತಿಗೆ ಆ ಮಾತು ಸಲ್ಲುವುದಿಲ್ಲ. ಮೊದಲನೆಯದರಲ್ಲಿ ಅಪಾಯದ ಭಾರ ಬಳಕೆದಾರರ ಮೇಲೆ ವಾಲುತ್ತದೆ, ಎರಡನೆಯದರಲ್ಲಿ ತಯಾರಕರ ಮೇಲೆ. ಆದ್ದರಿಂದ ತಂತಿ ಕೊಳ್ಳುವ ಗುತ್ತಿಗೆದಾರರಾಗಲಿ ಇಲಾಖೆಯ ಎಂಜಿನಿಯರುಗಳಾಗಲಿ ವರದಿಯ ಕೊನೆಯ ಪದವನ್ನಷ್ಟೇ ಓದಿ ಸಹಿ ಹಾಕದೆ, ಯಾವ ನಿಯಮದಂತೆ ಪಾಸ್ ಎಂದು ಬರೆಯಲಾಗಿದೆಯೆಂದು ಪರೀಕ್ಷಾಲಯವನ್ನು ಕೇಳಬೇಕು.