ಒಂದು ತಟ್ಟೆಯ ವೃತ್ತಾಂತ



ಶಾಲೆಯ ವರದಿ, ಪರೀಕ್ಷೆಯ ಫಲಿತಾಂಶ, ಬಹುಮಾನಗಳ ಪಟ್ಟಿ ಇವೆಲ್ಲವನ್ನೂ ಈ ಸಾರಿ ನಮ್ಮ ಸಹೋಪಾಧ್ಯಾಯಿನಿಯೊಬ್ಬರು ಬೇರೆ ಪುಟದಲ್ಲಿ ಬರೆದಿರುತ್ತಾರೆ. ನಾನು ನಮ್ಮ ವಸತಿಗೃಹದ ಒಂದು ತಟ್ಟೆಯ ವಿಷಯವನ್ನು ಬರೆಯುತ್ತೇನೆ. ಇದು ನನ್ನ ತಪ್ಪಿನ ವೃತ್ತಾಂತ. ಆ ಹುಡುಗಿಯೂ ಅವಳ ತಾಯಿತಂದೆಗಳೂ ಬರೆಯಬಹುದೆಂದು ಒಪ್ಪಿದ್ದಾರೆ. ಹೆಸರನ್ನು ಮಾತ್ರ ನಾನೇ ಬಿಟ್ಟಿರುತ್ತೇನೆ.

ಎರಡು ವರ್ಷಗಳ ಹಿಂದೆ ಎಂಟನೆಯ ತರಗತಿಯ ಮಕ್ಕಳನ್ನು ಹೊಸಪೇಟೆಯಿಂದ ಹಂಪೆಗೆ ಕರೆದುಕೊಂಡು ಹೋಗಿದ್ದೆವು. ಹೇಮಕೂಟದ ಬಂಡೆಯನ್ನು ಹತ್ತುವಾಗ ಕಂಪ್ಲಿಯ ಕಡೆಯ ಒಬ್ಬ ಹುಡುಗಿಯು ಮೂರು ಸಾರಿ ಎಡವಿದಳು. ಕಾಲಿನ ಚಪ್ಪಲಿಯು ಕಳಚಿ ಹಿಂದೆ ಉಳಿದರೂ ಅವಳಿಗೆ ತಿಳಿಯಲಿಲ್ಲ. ಕೊಕ್ಕರೆಯು ನೀರಿನಲ್ಲಿ ಹೆಜ್ಜೆಯಿಡುವಂತೆ ಮೊಣಕಾಲನ್ನು ಎತ್ತೆತ್ತಿ ನಡೆಯುತ್ತಿದ್ದಳು. ಅದು ಸೋಗೆಂದು ಭಾವಿಸಿ, ನೆಲ ನೋಡಿ ನಡೆಯಮ್ಮಾ ಎಂದು ಎಲ್ಲರೆದುರಿಗೆ ಗದರಿಸಿದೆನು.

ಕೆಲವು ವಾರಗಳಾದ ಮೇಲೆ ಮಕ್ಕಳ ಆರೋಗ್ಯ ತಪಾಸಣೆಗೆ ಬಂದವರೊಬ್ಬರು ಅವಳ ಅಂಗಾಲು ಕಮಾನಿನಂತೆ ಬಾಗಿರುವುದನ್ನೂ ಮೊಣಕೈಯ ಹಿಂದಿನ ನರವು ದಪ್ಪಗಾಗಿರುವುದನ್ನೂ ಕಂಡು, ವೈದ್ಯರಿಗೆ ತೋರಿಸತಕ್ಕದ್ದೆಂದು ಬರೆದರು. ಅವರು ಮಾಡಿದ್ದು ಸರಿಯೇ. ಆದರೆ ನರವು ದಪ್ಪಗಾಗುವುದು ಕುಷ್ಠರೋಗದ ಲಕ್ಷಣವೆಂದು ಯಾರಿಗೋ ತಿಳಿದಿತ್ತು. ಸಂಜೆಯೊಳಗೆ ವಸತಿಗೃಹದಲ್ಲೆಲ್ಲಾ 'ಮಹಾರೋಗ' ಎಂಬ ಪಿಸುಮಾತು ಹಬ್ಬಿತು. ಮರುದಿನ ಇಬ್ಬರು ಪೋಷಕರು ನನ್ನ ಕೋಣೆಗೆ ಬಂದು, ತಮ್ಮ ಮಕ್ಕಳನ್ನು ಅವಳ ಪಂಕ್ತಿಯಲ್ಲಿ ಕೂರಿಸಬಾರದೆಂದರು. ವೈದ್ಯರ ಅಭಿಪ್ರಾಯವು ಬರುವ ತನಕ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಅವಳಿಗೆ ಬೇರೆ ತಟ್ಟೆಯನ್ನು ಕೊಡಿಸಿದೆನು. ಗುರುತಿಗಾಗಿ ಅದರ ಅಂಚಿಗೆ ಒಂದು ಕೆಂಪು ಚುಕ್ಕೆಯನ್ನೂ ಹಾಕಿಸಿದೆನು. ಕರ್ತನು ಕುಷ್ಠರೋಗಿಯನ್ನು ಕೈಚಾಚಿ ಮುಟ್ಟಿದನೆಂಬ ಪಾಠವನ್ನು ಭಾನುವಾರಗಳಲ್ಲಿ ಕಲಿಸುವವಳು ನಾನೇ! ಹುಡುಗಿಯು ಏನನ್ನೂ ಕೇಳಲಿಲ್ಲ. ಹನ್ನೊಂದು ದಿನ ಆ ತಟ್ಟೆಯಲ್ಲಿ ಉಂಡಳು.

ಹನ್ನೆರಡನೆಯ ದಿನ ಅವಳ ತಂದೆ ಬಂದರು. ಬತ್ತದ ಗದ್ದೆಯ ಕೆಲಸವನ್ನು ಬಿಟ್ಟು ಬಂದಿದ್ದರು. ನಾನು ಮಾತನ್ನು ಹೇಗೆ ಆರಂಭಿಸಲೆಂದು ತೊದಲುತ್ತಿರಲು ಅವರು ಕೆರವನ್ನು ಕಳಚಿ ತಮ್ಮ ಪಾದವನ್ನು ತೋರಿಸಿ, "ಅಮ್ಮಾರೇ, ನಂದೂ ಹಿಂಗೇ ಐತ್ರಿ. ನಮ್ಮಪ್ಪಂದೂ ಹಿಂಗೇ ಇತ್ತು. ಕೆಸರಾಗ ಕಾಲಿಟ್ರ ಎತ್ತಾಕ ಬರಾಂಗಿಲ್ಲ" ಎಂದರು. ಅದೇ ಕಮಾನು, ಅದೇ ಮುದುಡಿದ ಬೆರಳುಗಳು, ಮೊಣಕಾಲ ಕೆಳಗೆ ಅದೇ ಸಣಕಲು ಮೀನಖಂಡ. ನಮ್ಮ ಊರಿನ ವೈದ್ಯರು ತಂದೆಮಗಳಿಬ್ಬರನ್ನೂ ಒಟ್ಟಿಗೆ ನೋಡಿ, ಚರ್ಮದಲ್ಲಿ ಸ್ಪರ್ಶವಿಲ್ಲದ ಮಚ್ಚೆಗಳಾವುವೂ ಇಲ್ಲವೆಂದೂ, ಇದು ಅಂಟುವ ರೋಗವಲ್ಲ, ವಂಶದಲ್ಲಿ ಇಳಿದು ಬಂದ ನರದ ದೋಷವೆಂದೂ ಹೇಳಿ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೆ ಬರೆದುಕೊಟ್ಟರು.

ಅಲ್ಲಿಗೆ ನಾನೂ ಹೋದೆನು. ನರದಲ್ಲಿ ಸಂದೇಶವು ಓಡುವ ವೇಗವನ್ನು ಅಳೆಯುವ ಯಂತ್ರವೊಂದಿರುತ್ತದೆ. ನಮ್ಮ ನಿಮ್ಮ ಮುಂಗೈಯಲ್ಲಿ ಆ ವೇಗವು ಸೆಕೆಂಡಿಗೆ ಸುಮಾರು 50 ಮೀಟರು. ಈ ಮಗುವಿನಲ್ಲಿ 20ರ ಆಸುಪಾಸು. ಬಳಿಕ ರಕ್ತಪರೀಕ್ಷೆಯಿಂದ ರೋಗದ ಹೆಸರು ನಿಶ್ಚಯವಾಯಿತು. 1886ರಲ್ಲಿ ಫ್ರಾನ್ಸಿನ ಶಾರ್ಕೊ, ಮಾರಿ ಎಂಬವರೂ ಇಂಗ್ಲೆಂಡಿನ ಟೂತ್ ಎಂಬವರೂ ವರ್ಣಿಸಿದ್ದರಿಂದ ಅದಕ್ಕೆ ಆ ಮೂವರ ಹೆಸರುಗಳನ್ನೇ ಇಟ್ಟಿದ್ದಾರೆ.

ಅಲ್ಲಿಯ ವೈದ್ಯರು ವಿವರಿಸಿದ್ದನ್ನೂ ಬಳಿಕ ನಾನು ಓದಿ ತಿಳಿದದ್ದನ್ನೂ ವಸತಿಗೃಹದ ಮಕ್ಕಳೆಲ್ಲರನ್ನೂ ಕೂರಿಸಿ ಹೇಳಿದೆನು. ಬೆನ್ನುಹುರಿಯಿಂದ ಪಾದದವರೆಗೆ ಹೋಗುವ ನರದ ಎಳೆಯು ಸುಮಾರು ಒಂದು ಮೀಟರು ಉದ್ದ. ಅದು ಒಂದೇ ಜೀವಕಣದ ಬಾಲವೆಂದರೆ ಆಶ್ಚರ್ಯವಾಗುವುದಿಲ್ಲವೇ? ಆ ಎಳೆಯ ಉದ್ದಕ್ಕೂ ಬೇರೊಂದು ಜಾತಿಯ ಕಣಗಳು ಒಂದರ ಪಕ್ಕದಲ್ಲೊಂದು ನಿಂತು, ಒಂದೊಂದೂ ಹೆಚ್ಚೆಂದರೆ ಒಂದು ಮಿಲಿಮೀಟರಿನಷ್ಟು ಭಾಗಕ್ಕೆ, ಕೊಬ್ಬಿನಿಂದ ಕೂಡಿದ ತನ್ನ ಪೊರೆಯನ್ನು ಹತ್ತಾರು ಸುತ್ತು ಸುತ್ತುತ್ತದೆ. ಆ ಹೊದಿಕೆಯೇ ಮಯಲಿನ್. ಒಂದು ಕಾಲಿನ ಒಂದು ಎಳೆಗೆ ಇಂತಹ ಸಾವಿರ ಕಣಗಳಾದರೂ ಬೇಕು. ಅಣೆಕಟ್ಟಿನ ವಿದ್ಯುದಾಗಾರದಿಂದ ಬರುವ ತಂತಿಗೆ ಹೊದಿಕೆ ಇದ್ದಂತೆ ಎಂದು ಹೇಳುವುದುಂಟು. ಆದರೆ ಇಲ್ಲಿ ಹೊದಿಕೆಯ ನಡುನಡುವೆ ಬಿಟ್ಟ ಸಣ್ಣ ಸಂದುಗಳಿಂದ ಸಂದುಗಳಿಗೆ ಸಂದೇಶವು ಹಾರುತ್ತಾ ಹೋಗುವುದರಿಂದಲೇ ಅಷ್ಟು ವೇಗ. ಈ ಕಣಗಳನ್ನು 1839ರಲ್ಲಿ ವರ್ಣಿಸಿದವರು ಜರ್ಮನಿಯ ಥಿಯೋಡೋರ್ ಶ್ವಾನ್. ಶ್ವಾನ್ ಕಣವೆಂದೊಡನೆ ಹುಡುಗಿಯರು ನಾಯಿಯನ್ನು ನೆನೆದು ಗೊಳ್ಳೆಂದು ನಕ್ಕರು. ಅಂದು ನಮ್ಮ ಹುಡುಗಿಯೂ ನಕ್ಕದ್ದನ್ನು ಕಂಡೆನು.

ಈ ಕಣಗಳು ಹುಟ್ಟುವಾಗಲೇ ಸುತ್ತುವ ವಿದ್ಯೆಯನ್ನು ಬಲ್ಲವುಗಳಲ್ಲ. ಜೀನುಗಳು, ಎಂದರೆ ವಂಶವಾಹಿಗಳು, ಅವನ್ನು ಮೆಟ್ಟಿಲುಮೆಟ್ಟಿಲಾಗಿ ಕಲಿಸುತ್ತವೆ. ಸಾಕ್ಸ್ 10 ಎಂಬ ಜೀನು ಇಲ್ಲದಿದ್ದರೆ ಶ್ವಾನ್ ಕಣವೇ ಇಲ್ಲ. ಕ್ರಾಕ್ಸ್ 20 ಎಂಬುದು ಕೆಲಸ ಮಾಡದಂತೆ ಮಾಡಿದ ಇಲಿಗಳಲ್ಲಿ ಕಣವು ಎಳೆಯನ್ನು ಒಂದೂವರೆ ಸುತ್ತು ಸುತ್ತಿ ನಿಂತುಬಿಡುತ್ತದೆಂದು 1994ರಲ್ಲಿ ಕಂಡರು. ಎಷ್ಟು ಸುತ್ತು ಸುತ್ತಬೇಕೆಂಬುದನ್ನು ನರದ ಎಳೆಯೇ ನ್ಯೂರೆಗ್ಯುಲಿನ್ ಎಂಬ ಪದಾರ್ಥದ ಮೂಲಕ ತಿಳಿಸುತ್ತದೆ. ಹುಟ್ಟಿದ ಕೂಸಿನಲ್ಲಿ ಈ ಕೆಲಸವು ಮುಗಿದಿರುವುದಿಲ್ಲ. ಆದಕಾರಣ ಅದರ ನರದ ವೇಗವು ದೊಡ್ಡವರದರ ಅರ್ಧದಷ್ಟೇ ಇದ್ದು, ನಾಲ್ಕೈದು ವರ್ಷಗಳೊಳಗೆ ಪೂರ್ಣವಾಗುತ್ತದೆ.

ನಮ್ಮ ಹುಡುಗಿಯಲ್ಲಿ ಏನಾಗಿದೆ? ಪಿ.ಎಂ.ಪಿ. 22 ಎಂಬ ಜೀನು ಹೊದಿಕೆಗೆ ಬೇಕಾದ ಒಂದು ಪ್ರೋಟೀನನ್ನು ಮಾಡಿಸುತ್ತದೆ. ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡು ಪ್ರತಿಗಳಿರಬೇಕು. ಈಕೆಗೆ ಮೂರು ಇವೆ. ಜೀನಿನಲ್ಲಿ ಅಕ್ಷರ ದೋಷವೇನೂ ಇಲ್ಲ. ಪ್ರಮಾಣವು ಹೆಚ್ಚಾಗಿದೆ, ಅಷ್ಟೆ. ಹುಳಿಗೆ ಉಪ್ಪು ಬೇಕು, ಒಂದೂವರೆಪಟ್ಟು ಹಾಕಿದರೆ ಬಾಯಿಗಿಡಲಾಗದು. ಹಂಪೆಯ ಶಾಸನವನ್ನು ನಕಲು ಮಾಡುವವನಿಗೆ ಒಂದೇ ತೆರನಾದ ಎರಡು ಸಾಲುಗಳು ದೂರದೂರದಲ್ಲಿ ಎದುರಾದರೆ, ಕೆಳಗಿನ ಸಾಲನ್ನು ಬರೆದ ಮೇಲೆ ಕಣ್ಣು ಮೇಲಿನ ಸಾಲಿಗೆ ಜಾರಿ, ನಡುವಿನದೆಲ್ಲವೂ ಎರಡು ಸಾರಿ ಬಂದುಬಿಡುತ್ತದೆ. ಹದಿನೇಳನೆಯ ಕ್ರೋಮೋಸೋಮಿನಲ್ಲಿ ಈ ಜೀನಿನ ಎರಡು ಪಕ್ಕಗಳಲ್ಲಿಯೂ ಅಂತಹ ಒಂದೇ ತೆರನಾದ ಭಾಗಗಳಿರುವುದರಿಂದ ಸುಮಾರು 15 ಲಕ್ಷ ಅಕ್ಷರಗಳು ಇಮ್ಮಡಿಯಾಗುತ್ತವೆ. ಇದನ್ನು 1991ರಲ್ಲಿ ಕಂಡುಹಿಡಿದವರಲ್ಲಿ ಅಮೆರಿಕೆಯ ಜೇಮ್ಸ್ ಲಪ್ಸ್ಕಿ ಒಬ್ಬರು. ಅವರಿಗೂ ಇದೇ ರೋಗ! ಆದರೆ 2010ರಲ್ಲಿ ತಮ್ಮ ಸಮಸ್ತ ಜೀನುಗಳನ್ನೂ ಓದಿಸಿ ನೋಡಿದಾಗ, ಅವರ ರೋಗಕ್ಕೆ ಕಾರಣವಾದದ್ದು ಬೇರೊಂದು ಜೀನೆಂದು ತಿಳಿಯಿತು.

ಹೊದಿಕೆಯು ಕಳಚುವುದೂ ಕಣಗಳು ಮತ್ತೆ ಮತ್ತೆ ಸುತ್ತುವುದೂ ನಡೆಯುತ್ತಾ, ನರವನ್ನು ಕೊಯ್ದು ನೋಡಿದರೆ ಉಳ್ಳಾಗಡ್ಡಿಯ ಪದರಗಳಂತೆ ಕಾಣುತ್ತದೆ. ಮೊಣಕೈಯ ನರವು ದಪ್ಪಗಾಗಿದ್ದದ್ದು ಇದರಿಂದಲೇ. ಕುಷ್ಠರೋಗದಲ್ಲಿಯಾದರೋ, 1873ರಲ್ಲಿ ನಾರ್ವೆಯ ಹ್ಯಾನ್ಸೆನ್ ಕಂಡ ಕ್ರಿಮಿಯು ಇದೇ ಶ್ವಾನ್ ಕಣವನ್ನು ಹೊಕ್ಕು ಮನೆಮಾಡಿಕೊಳ್ಳುತ್ತದೆ. ಅದು ಸಾಕ್ಸ್ 10 ಮೊದಲಾದ ಜೀನುಗಳನ್ನು ಸುಮ್ಮನಾಗಿಸಿ, ಕಣವು ಕಲಿತ ವಿದ್ಯೆಯನ್ನೇ ಮರೆಯುವಂತೆ ಮಾಡುತ್ತದೆಂದು 2013ರಲ್ಲಿ ಇಲಿಗಳ ಕಣಗಳಿಂದ ತೋರಿಸಿದರು. ಎರಡು ಬೇರೆ ಬೇರೆ ರೋಗಗಳು ಒಂದೇ ಮನೆಯ ಬಾಗಿಲನ್ನು ತಟ್ಟಿದ್ದರಿಂದ ನಾವು ಮೋಸಹೋದೆವು.

ಆದಾಗ್ಯೂ ಇದನ್ನು ನೆವವಾಗಿ ಹೇಳಲಾರೆನು. ಕುಷ್ಠವೇ ಆಗಿದ್ದರೂ ಬೇರೆ ತಟ್ಟೆಗೆ ಕಾರಣವಿರಲಿಲ್ಲ. ಅದು ಸುಲಭವಾಗಿ ಅಂಟುವ ರೋಗವಲ್ಲ. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹೇಳಿದ ಔಷಧಗಳ ಕೂಟವು ಅದನ್ನು ಗುಣಪಡಿಸುತ್ತದೆ, ನಮ್ಮ ಸರಕಾರಿ ಆಸ್ಪತ್ರೆಗಳಲ್ಲಿ ಧರ್ಮಾರ್ಥವಾಗಿಯೇ ದೊರೆಯುತ್ತದೆ. ಇದನ್ನು ನಾನು ಆ ಇಬ್ಬರು ಪೋಷಕರಿಗೆ ಹೇಳತಕ್ಕದ್ದಾಗಿತ್ತು. ಹೇಳದೆ ತಟ್ಟೆಗೆ ಬಣ್ಣ ಹಾಕಿಸಿದೆನು. ಬೆಂಗಳೂರಿನಿಂದ ಹಿಂದಿರುಗಿದ ರಾತ್ರಿ ಹುಡುಗಿಯ ಬಳಿ ಕ್ಷಮೆಯನ್ನು ಬೇಡಿದೆನು. ಅವಳು, "ಇರ್ಲಿ ಬಿಡ್ರಿ ಅಮ್ಮಾ" ಎಂದಳು. ತಾನು ಬೇಕೆಂದೇ ಎಡವುತ್ತಿರಲಿಲ್ಲವೆಂಬುದನ್ನು ಮಾತ್ರ ತರಗತಿಯಲ್ಲಿ ಹೇಳಬೇಕೆಂದು ಕೇಳಿದಳು. ಹೇಳಿದೆನು. ಕೆಂಪು ಚುಕ್ಕೆಯ ತಟ್ಟೆಯಲ್ಲಿ ಈಗ ನಾನು ಉಣ್ಣುತ್ತೇನೆ.

ಈ ರೋಗವನ್ನು ನೀಗುವ ಔಷಧವು ಇನ್ನೂ ಇಲ್ಲ. ಸಿ ವಿಟಮಿನ್ನು ಇಲಿಗಳಿಗೆ ಹಿತವಾಯಿತೆಂದು 2004ರಲ್ಲಿ ಆಸೆ ಹುಟ್ಟಿತ್ತು. ಮನುಷ್ಯರಲ್ಲಿ ಪರೀಕ್ಷಿಸಿದಾಗ ಫಲ ಕಾಣಲಿಲ್ಲ. ಆದಕಾರಣ ದುಬಾರಿಯ ಟಾನಿಕ್ಕುಗಳನ್ನು ಮಾರುವವರನ್ನು ನಂಬಬೇಡಿರಿ. ಪಾದವು ಜೋಲದಂತೆ ಹಿಡಿಯುವ ಪಟ್ಟಿ, ತಕ್ಕ ಬೂಟು, ಅಂಗಸಾಧನೆ ಇವುಗಳಿಂದ ಬಹಳ ಉಪಕಾರವುಂಟು. ಬಲವಿರುವ ಸ್ನಾಯುವಿನ ಕಂಡರವನ್ನು ಬಲಹೀನವಾದುದರ ಕೆಲಸಕ್ಕೆ ಹೂಡುವ ಶಸ್ತ್ರಚಿಕಿತ್ಸೆಯೂ ಉಂಟು. ಕುಷ್ಠರೋಗಿಗಳ ಕೈಗಳಿಗೆ ಅದನ್ನು ವೆಲ್ಲೂರಿನಲ್ಲಿ ಮಾಡಿ ತೋರಿಸಿದವರು, ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಮಿಷನರಿ ದಂಪತಿಗಳಿಗೆ ಹುಟ್ಟಿದ ಡಾಕ್ಟರ್ ಪಾಲ್ ಬ್ರ್ಯಾಂಡ್. ಇನ್ನೊಂದು ಮುಖ್ಯ ಮಾತು: ಈ ರೋಗವುಳ್ಳವರಿಗೆ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ಎಂಬ ಔಷಧವು ನರಗಳನ್ನು ಬಹಳವಾಗಿ ಕೆಡಿಸಬಹುದು. ಯಾವ ವೈದ್ಯರ ಬಳಿಗೆ ಹೋದರೂ ರೋಗದ ಹೆಸರನ್ನು ಮೊದಲು ಹೇಳಬೇಕು.

ತಾಯಿಯು ಕೇಳಿದ್ದು ಮದುವೆಯ ಮಾತನ್ನು. ಈಕೆಯ ಒಂದೊಂದು ಮಗುವಿಗೂ ರೋಗವು ಬರುವ ಸಂಭವ ಅರ್ಧ, ಬಾರದಿರುವ ಸಂಭವ ಅರ್ಧ. ಮುಚ್ಚಿಟ್ಟು ಮದುವೆ ಮಾಡಬೇಡಿರೆಂದು ನಾನು ಹೇಳಿದೆನು. ಆ ತಾಯಿಗೆ ನನ್ನ ಮಾತು ರುಚಿಸಲಿಲ್ಲ, ನಾನು ಮಕ್ಕಳಿಲ್ಲದವಳೆಂದು ಅವರು ಮನಸ್ಸಿನಲ್ಲಿ ಅಂದುಕೊಂಡಿರಬಹುದು. ತಂದೆಯಾದರೋ ಆರು ವರ್ಷದ ಕಿರಿಯ ಮಗನ ರಕ್ತವನ್ನೂ ಪರೀಕ್ಷಿಸಬೇಕೇ ಎಂದು ವಿಚಾರಿಸಿದರು. ಲಕ್ಷಣವಿಲ್ಲದ ಮಗುವಿಗೆ ಅವಸರವಿಲ್ಲ, ದೊಡ್ಡವನಾಗಿ ತಾನೇ ನಿರ್ಧರಿಸಲಿ ಎಂದು ವೈದ್ಯರು ಹೇಳಿದರು. ಅವನು ಈಗ ಗದ್ದೆಯ ಬದುವಿನ ಮೇಲೆ ಓಡಾಡುತ್ತಿದ್ದಾನೆ. ತಂದೆಯು ಅವನ ಪಾದಗಳನ್ನೇ ನೋಡುತ್ತಿರುತ್ತಾರೆ.

ಕಳೆದ ಜನವರಿಯಲ್ಲಿ ಸಂಡೂರಿಗೆ ಹೋಗಿದ್ದೆವು. ಕುಮಾರಸ್ವಾಮಿ ಬೆಟ್ಟದ ದಾರಿಯಲ್ಲಿ ಅವಳು ಬೂಟಿನೊಳಗೆ ಪಟ್ಟಿಯನ್ನು ಕಟ್ಟಿಕೊಂಡು ತನ್ನ ನಡೆಯಲ್ಲಿಯೇ ನಡೆದಳು. ನಾನು ಅವಳ ಹಿಂದೆ ನಡೆದೆನು, ಗದರಿಸಲಿಲ್ಲ. ಈಗ ಅವಳು ಹತ್ತನೆಯ ತರಗತಿಯಲ್ಲಿದ್ದಾಳೆ. ಬರೆಯುತ್ತಾ ಬರೆಯುತ್ತಾ ಕೈಬೆರಳುಗಳು ಸೋಲುತ್ತವೆ. ಆದಕಾರಣ ಪರೀಕ್ಷೆಯಲ್ಲಿ ಹೆಚ್ಚಿನ ವೇಳೆಯನ್ನು ಕೊಡಬೇಕೆಂದು ವೈದ್ಯರ ಪತ್ರದೊಂದಿಗೆ ಅರ್ಜಿಯನ್ನು ಕಳುಹಿಸಿದ್ದೇವೆ. ಉತ್ತರವು ಇನ್ನೂ ಬರಬೇಕಾಗಿದೆ.