ಅಪ್ಪೆ ಬಾಸೆ

ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ, ಅಮ್ಮೆ ಎಂದರೆ ತಂದೆ. ಘಟ್ಟದ ಮೇಲಿನ ಗೆಳೆಯರಿಗೆ ಇದನ್ನು ಹೇಳಿದರೆ ಮೊದಲು ನಂಬುವುದಿಲ್ಲ. ಹಾಗಾಗಿ ಮಾತೃಭಾಷೆ ನಮಗೆ ‘ಅಪ್ಪೆ ಬಾಸೆ’. ಆ ಭಾಷೆಯ ಲೆಕ್ಕದಲ್ಲಿ ನನ್ನ ಅಪ್ಪೆಯೊಬ್ಬಳು ಬಿಟ್ಟುಹೋಗಿದ್ದಾಳೆ.

2011ರ ಫೆಬ್ರವರಿ. ಅಮ್ಮ ಜಗಲಿಯಲ್ಲಿ ಕೂತು ಕೈಗೆ ತೆಂಗಿನೆಣ್ಣೆ ಸವರಿಕೊಂಡು ಗುಜ್ಜೆ ಹೆಚ್ಚುತ್ತಿದ್ದಳು. ಎಣ್ಣೆ ಹಚ್ಚದಿದ್ದರೆ ಹಲಸಿನ ಮೇಣ ಎರಡು ದಿನ ಬಿಡುವುದಿಲ್ಲ. ಜನಗಣತಿಗೆಂದು ಮೇಷ್ಟ್ರೊಬ್ಬರು ಬಂದರು. ಬಿಸಿಲಲ್ಲಿ ನಡೆದು ಸುಸ್ತಾಗಿದ್ದರು, ಅಮ್ಮ ಬೆಲ್ಲ ನೀರು ಕೊಟ್ಟಳು. ಹೆಸರು, ವಯಸ್ಸು, ಓದು ಎಲ್ಲ ಮುಗಿದ ಮೇಲೆ “ಮಾತೃಭಾಷೆ ಯಾವುದಮ್ಮಾ?” ಅಂತ ಕೇಳಿದರು. ಅಮ್ಮ “ಕನ್ನಡ” ಅಂದಳು. ಅವರು ಬರೆದುಕೊಂಡರು, ಹೋದರು.

ಸಂಜೆ ನನಗೆ ಗೊತ್ತಾಗಿ ಯಾಕಮ್ಮ ಹಾಗೆ ಹೇಳಿದೆ ಅಂತ ಕೇಳಿದೆ. “ಅವರು ಕನ್ನಡದಲ್ಲಿ ಕೇಳಿದರು. ಎಂಕ್ ತುಳು ಬರೆಯೆರೆ ಬರ್ಪುಜಿ ಅತ್ತಾ?” ಅಂದಳು. ನನಗೆ ತುಳು ಬರೆಯಲು ಬರುವುದಿಲ್ಲವಲ್ಲ, ಎಂದು. ಏಳನೇ ತರಗತಿವರೆಗೆ ಓದಿದ್ದು ಕನ್ನಡ, ಹಾಲಿನ ಲೆಕ್ಕ ಇಡುವುದು ಕನ್ನಡದಲ್ಲಿ, ಪತ್ರ ಬರೆಯುವುದು ಕನ್ನಡದಲ್ಲಿ. ಸರ್ಕಾರದ ಕಾಗದ ಕೇಳುವುದು ಬರೆಯುವ ಭಾಷೆಯನ್ನು ಎಂದೇ ಅವಳು ತಿಳಿದಿದ್ದಳು. ಹುಟ್ಟಿದಾಗಿನಿಂದ ಆಡಿದ, ಕನಸಿನಲ್ಲೂ ಬಡಬಡಿಸುವ ಭಾಷೆ ಒಂದು ಕಾಗದದ ಮೇಲೆ ಬರಬಹುದು ಎನ್ನುವುದೇ ಅವಳಿಗೆ ಹೊಳೆದಿರಲಿಲ್ಲ. ಮೇಷ್ಟ್ರದ್ದು ಇದರಲ್ಲಿ ಏನೂ ತಪ್ಪಿಲ್ಲ.

ಗುಜ್ಜೆ ಅಂದೆನಲ್ಲ. ಎಳೆ ಹಲಸು ಗುಜ್ಜೆ, ಬಲಿತದ್ದು ಪೆಲಕಾಯಿ, ಒಳಗಿನ ತೊಳೆ ಪಚ್ಚಿಲ್, ಬೀಜ ಪೆಲತ್ತರಿ. ಅದೇ ಬೀಜವನ್ನು ಉಪ್ಪುನೀರಲ್ಲಿ ಬೇಯಿಸಿ, ಬಿಸಿಲಿಗೆ ಹಾಕಿ ಕಲ್ಲಿನ ಹಾಗೆ ಒಣಗಿಸಿಟ್ಟರೆ ಸಾಂತಣಿ. ಆಟಿ ತಿಂಗಳ ಜಡಿಮಳೆಯಲ್ಲಿ ಬಾಯಲ್ಲಿಟ್ಟುಕೊಂಡರೆ ಅರ್ಧ ಗಂಟೆಯಾದರೂ ಕರಗದು. ಆ ಒಂದು ಪದಕ್ಕೆ ಕನ್ನಡದಲ್ಲಿ ನಾನು ಇಷ್ಟುದ್ದ ಹೇಳಬೇಕಾಯಿತು. ಬೆಂಗಳೂರಿನಲ್ಲಿ ಬೆಳೆದ ನನ್ನ ಮಗಳು ಅದನ್ನು ‘ಹಲಸಿನ ಬೀಜ’ ಅನ್ನುತ್ತಾಳೆ. ಮನೆಯಲ್ಲಿ ಸಾಂತಣಿ ಇನ್ನೂ ಇದೆ, ಪದ ಆಗಲೇ ಹೊರಟಿದೆ. ಅವಳೊಂದಿಗೆ ನಾನೇ ಕನ್ನಡದಲ್ಲಿ ಮಾತಾಡುತ್ತ ಬಂದದ್ದು. ಇದನ್ನು ನೆನೆದಾಗ ಸಂಕಟವಾಗುತ್ತದೆ.

ಆ ಜನಗಣತಿಯಲ್ಲಿ ತುಳುವರ ಸಂಖ್ಯೆ 18,46,427 ಎಂದು ಬಂತು. ನನ್ನ ಅಮ್ಮನಂತೆ ಹೇಳಿದವರು ಇನ್ನೆಷ್ಟು ಮನೆಗಳಲ್ಲಿದ್ದರೋ. ಅದೇ ಲೆಕ್ಕದಲ್ಲಿ ಮಣಿಪುರಿಯವರು ಹದಿನೇಳೂವರೆ ಲಕ್ಷದ ಮೇಲೆ, ಬೋಡೋದವರು ಹದಿನೈದು ಲಕ್ಷದೊಳಗೆ. ಎರಡೂ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷಾ ಪಟ್ಟಿಯಲ್ಲಿವೆ, ಇರಬೇಕಾದ್ದೇ. ತುಳು ಇಲ್ಲ. ಮೊದಲು 14 ಭಾಷೆಗಳಿದ್ದ ಆ ಪಟ್ಟಿಗೆ 1967ರಲ್ಲಿ ಸಿಂಧಿ ಸೇರಿತು. 1992ರಲ್ಲಿ ನಮ್ಮ ಪಕ್ಕದ ಮನೆಯ ಕೊಂಕಣಿ, ಜೊತೆಗೆ ಮಣಿಪುರಿ ಮತ್ತು ನೇಪಾಳಿ ಸೇರಿದವು. 2003ರಲ್ಲಿ ಬೋಡೋ, ಡೋಗ್ರಿ, ಮೈಥಿಲಿ, ಸಂತಾಲಿ. ಅಲ್ಲಿಗೆ 22. ಯಾವ ಭಾಷೆ ಒಳಗೆ, ಯಾವುದು ಹೊರಗೆ ಎನ್ನುವುದಕ್ಕೆ ಸಂವಿಧಾನದಲ್ಲಿ ಅಳತೆಗೋಲು ಇಲ್ಲ. ಅಳತೆಯಿಲ್ಲದ ಕಡೆ ಕಾಯುವುದು ಬಹಳ ಕಷ್ಟ. ಇಷ್ಟು ಕಡಿಮೆ ಬಿತ್ತು ಎಂದಾದರೂ ಹೇಳಿದರೆ ಮನುಷ್ಯನಿಗೆ ಸಮಾಧಾನ.

ಏನೂ ಆಗಿಲ್ಲ ಎಂದರೆ ಸುಳ್ಳಾಗುತ್ತದೆ. ರಾಜ್ಯ ಸರ್ಕಾರ 1994ರಲ್ಲಿ ತುಳು ಅಕಾಡೆಮಿ, ಕೊಡವ ಅಕಾಡೆಮಿ ಎರಡನ್ನೂ ಕೊಟ್ಟಿತು. ಶಾಲೆಯಲ್ಲಿ ಮೂರನೇ ಭಾಷೆಯಾಗಿ ತುಳು ಕಲಿಯಬಹುದು. 1886ರಲ್ಲಿ ಬಾಸೆಲ್ ಮಿಷನ್ನಿನ ಮ್ಯಾನರ್ ನಿಘಂಟು ಮಾಡಿದ. ಅದಾಗಿ ನೂರು ವರ್ಷಗಳ ಮೇಲೆ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಆರು ಸಂಪುಟಗಳ ತುಳು ನಿಘಂಟು ಹೊರಬಂತು. 2024ರಲ್ಲಿ ತುಳು-ತಿಗಳಾರಿ ಲಿಪಿ ಯೂನಿಕೋಡಿಗೆ ಸೇರಿದ ಸುದ್ದಿ ಓದಿದಾಗ ಅಮ್ಮನಿಗೆ ಫೋನು ಮಾಡಿದೆ. “ಹಾಗಾದರೆ ಇನ್ನು ಬರೆಯಬಹುದಾ?” ಅಂದಳು. ಬರೆಯಬಹುದು ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆದರೆ ಇತ್ತೀಚೆಗೆ ನನ್ನನ್ನು ಕಾಡುತ್ತಿರುವುದು ಬೇರೆ. ನಮ್ಮ ಮನೆಗೆ ಅಡಿಕೆ ಹೊರುವ ಬುಟ್ಟಿ, ಕುಕ್ಕೆ ಎಲ್ಲ ಮಾಡಿಕೊಡುವ ಕೊರಗ ಸಮುದಾಯದ ಹೆಂಗಸೊಬ್ಬರಿದ್ದಾರೆ. ಕಾಡಿನ ಬೀಳು, ಅಂದರೆ ಬಳ್ಳಿ ತಂದು, ಸಿಪ್ಪೆ ಹೆರೆದು, ಬೆರಳಲ್ಲೇ ಅಳೆದು ಹೆಣೆಯುತ್ತಾರೆ. ಹಳೆಯ ಬುಟ್ಟಿಯನ್ನು ತಿರುವಿ ನೋಡಿದರೆ ಅಡಿ ಸವೆದಿರುತ್ತದೆ, ಅಂಚು ಬಿಚ್ಚಿರುವುದಿಲ್ಲ. ಈ ಅಂಚಿನ ಹೆಣಿಗೆಗೆ ನಿಮ್ಮ ಭಾಷೆಯಲ್ಲಿ ಏನಂತೀರಿ ಎಂದು ತುಳುವಿನಲ್ಲೇ ಕೇಳಿದೆ. ಅವರು ಕೆಲಸ ನಿಲ್ಲಿಸಿ ಆಚೀಚೆ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, “ಅದು ನಮ್ಮ ಅತ್ತೆಗೆ ಗೊತ್ತಿತ್ತು ಅಣ್ಣೇರೇ, ನನಗೆ ತುಳುವೇ” ಅಂದರು.

ಕೊರಗರಿಗೆ ತಮ್ಮದೇ ಭಾಷೆಯಿದೆ. ಡಿ. ಎನ್. ಶಂಕರ ಭಟ್ಟರು ಅದರ ವ್ಯಾಕರಣ ಶೋಧಿಸಿ ಬರೆದ ಪುಸ್ತಕ 1971ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಬಂತು. ಜನಗಣತಿಯವರು ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಗಳ ಹೆಸರು ಬೇರೆಯಾಗಿ ಪ್ರಕಟಿಸುವುದನ್ನು ಬಿಟ್ಟದ್ದೂ ಅದೇ 1971ರಲ್ಲಿ. ಹತ್ತು ವರ್ಷ ಮೊದಲು ಜನ ಹೇಳಿದ 1,652 ಮಾತೃಭಾಷೆಗಳನ್ನು ಪಟ್ಟಿ ಮಾಡಿದ್ದ ದೇಶ ನಮ್ಮದು! ಗೆರೆಯ ಕೆಳಗಿನವರೆಲ್ಲ ‘ಇತರೆ’ ಆದರು. ಅಂಥ ಭಾಷೆಗಳಿಗಾಗಿ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲಿ 2013ರಿಂದ ಒಂದು ಯೋಜನೆ ನಡೆದಿದೆ, ಪದ, ವ್ಯಾಕರಣ, ಧ್ವನಿ ದಾಖಲಿಸಿಡುವುದು. ಒಳ್ಳೆಯ ಕೆಲಸ. ಆದರೆ ಆ ಹೆಂಗಸು ದನಿ ತಗ್ಗಿಸಿದ್ದು ಯಾವ ಯೋಜನೆಯ ಕೊರತೆಯಿಂದಲೂ ಅಲ್ಲ. ಕೊರಗರನ್ನು ನಡೆಸಿಕೊಂಡ ರೀತಿ ಎಷ್ಟು ಹೀನವಾಗಿತ್ತೆಂದರೆ ಅವರನ್ನು ಉಳಿದ ಮನುಷ್ಯರಿಗಿಂತ ಕೀಳಾಗಿ ಕಾಣುವ ಅಜಲು ಪದ್ಧತಿಯನ್ನು ನಿಲ್ಲಿಸಲು 2000ದಲ್ಲಿ ಕಾನೂನೇ ತರಬೇಕಾಯಿತು. ಅಂಥ ಅವಮಾನ ಉಂಡವರು ನಾಲ್ಕು ಜನರ ನಡುವೆ ತಮ್ಮ ನುಡಿಯನ್ನು ಬಾಯಿಬಿಟ್ಟು ಆಡುವುದು ಹೇಗೆ? ಅವರ ಮನೆಯೊಳಗೆ ಬಂದು ಕೂತದ್ದು ದೆಹಲಿಯ ಭಾಷೆಯಲ್ಲ, ನನ್ನ ತುಳು.

ಮುಂದಿನ ಜನಗಣತಿ 2027ರದ್ದು. ಈ ಸಲ ಕಾಗದ ಇಲ್ಲ, ಮೊಬೈಲಿನಲ್ಲೇ ತುಂಬುತ್ತಾರಂತೆ. ಅಮ್ಮನಿಗೆ ಎಲ್ಲ ವಿವರಿಸಿದೆ: ಮಾತೃಭಾಷೆ ಎಂದಾಗ ತುಳು ಅನ್ನಬೇಕು, ಬೇರೆ ಯಾವ ಭಾಷೆ ಬರುತ್ತದೆ ಎಂದಾಗ ಕನ್ನಡ ಅನ್ನಬೇಕು. ಎರಡು ಸಲ ಹೇಳಿಸಿದೆ. ಸರಿಯಾಗಿ ಹೇಳಿದಳು. ಆಮೇಲೆ ಅಂಗಳದ ಮೂಲೆಯಲ್ಲಿ ಬೀಳು ನೆನೆಹಾಕುತ್ತಿದ್ದ ಆ ಹೆಂಗಸಿನ ಕಡೆ ನೋಡಿ, “ಅವಳಿಗೂ ಹೇಳಿಕೊಟ್ಟೆಯಾ?” ಅಂತ ಕೇಳಿದಳು.

ಇಲ್ಲ ಅಂದೆ. “ಅವಳನ್ನೂ ಕರಿ,” ಅಂದಳು ಅಮ್ಮ, ಮತ್ತು ಜಗಲಿಯಲ್ಲಿ ತನ್ನ ಪಕ್ಕದ ಮಣೆ ಸರಿಸಿದಳು.